ಎರಡು ಯುದ್ಧ, ಒಂದು ಸೇನೆ: ಅಮೆರಿಕ ಕೇಳದೆ ಬಿಟ್ಟ ಪ್ರಶ್ನೆ

ಅಫ್ಗಾನಿಸ್ತಾನದಲ್ಲಿ ನಮ್ಮಿಂದ ಸಾಧ್ಯವಾದಷ್ಟನ್ನು ಮಾಡುತ್ತೇವೆ, ಇರಾಕ್‌ನಲ್ಲಿ ಮಾಡಲೇಬೇಕಾದದ್ದನ್ನು ಮಾಡುತ್ತೇವೆ. 2007ರ ಡಿಸೆಂಬರ್ 11ರಂದು ಅಮೆರಿಕದ ಸಂಸದೀಯ ಸಮಿತಿಯೊಂದರ ಮುಂದೆ ಈ ಮಾತನ್ನು ಹೇಳಿದವರು ಸೇನಾ ಮುಖ್ಯಸ್ಥರ ಮಂಡಳಿಯ ಅಧ್ಯಕ್ಷ ಅಡ್ಮಿರಲ್ ಮೈಕ್ ಮಲೆನ್. ಸೆಪ್ಟೆಂಬರ್ 11ರ ದಾಳಿಯನ್ನು ಯೋಜಿಸಿದ ಸಂಘಟನೆ ನೆಲೆಯೂರಿದ್ದು ಅಫ್ಗಾನಿಸ್ತಾನದಲ್ಲಿ. ಆದರೆ ದಾಳಿ ನಡೆದು ಆರು ವರ್ಷ ಕಳೆದ ಮೇಲೆ ಆ ದೇಶದ ಪಾಲಿಗೆ ಉಳಿದಿದ್ದು ಮಿಕ್ಕಿದ ಪಡೆ, ಮಿಕ್ಕಿದ ಗಮನ. ಯಾವ ಯುದ್ಧ ಮೊದಲು ಎಂಬ ಪ್ರಶ್ನೆಯನ್ನು ನೇರವಾಗಿ ಚರ್ಚಿಸಿ ಹೀಗೆ ತೀರ್ಮಾನಿಸಿದ್ದರೆ ಅದು ಬೇರೆ ಮಾತು. ಹಾಗೆ ಚರ್ಚಿಸುವ ಅಗತ್ಯವೇ ಇಲ್ಲವೆಂಬ ನಂಬಿಕೆ ಎಲ್ಲಿಂದ ಬಂತು ಎಂಬುದೇ ಇಲ್ಲಿನ ಕಥೆ.

ಶೀತಲ ಸಮರ ಮುಗಿದ ಮೇಲೆ, 1993ರಲ್ಲಿ, ರಕ್ಷಣಾ ಕಾರ್ಯದರ್ಶಿ ಲೆಸ್ ಆಸ್ಪಿನ್ ಸೇನೆಯ ಗಾತ್ರವನ್ನು ಹೊಸದಾಗಿ ಅಳೆಯಲು ಹೊರಟರು. ಬಹುತೇಕ ಏಕಕಾಲದಲ್ಲಿ ಎರಡು ದೊಡ್ಡ ಪ್ರಾದೇಶಿಕ ಯುದ್ಧಗಳನ್ನು ಗೆಲ್ಲುವಷ್ಟು ಬಲ ಇರಬೇಕು ಎಂಬುದು ಆ ಪರಿಶೀಲನೆಯ ಅಳತೆಗೋಲಾಯಿತು. ಒಂದನ್ನು ಗೆಲ್ಲುವವರೆಗೆ ಇನ್ನೊಂದನ್ನು ತಡೆದು ನಿಲ್ಲಿಸಿದರೆ ಸಾಕು ಎಂಬ ಸಾಧಾರಣ ಪ್ರಸ್ತಾಪವೂ ಇತ್ತು. ಮಿತ್ರರಾಷ್ಟ್ರಗಳಿಗೆ ಅದು ತಪ್ಪು ಸಂದೇಶ ಕೊಡುತ್ತದೆಂಬ ಆಕ್ಷೇಪ ಎದ್ದು ಅದನ್ನು ಕೈಬಿಡಲಾಯಿತು. ಆಗ ಲೆಕ್ಕಕ್ಕೆ ಹಿಡಿದಿದ್ದ ಶತ್ರುಗಳು ಇರಾಕ್ ಮತ್ತು ಉತ್ತರ ಕೊರಿಯಾ. ಎರಡೂ ಗಡಿ ದಾಟಿ ಬರುವ ಸೇನೆಗಳು, ಎರಡರ ವಿರುದ್ಧವೂ ಬೇಗ ಮುಗಿಯುವ ಯುದ್ಧ. ಸರ್ಕಾರವನ್ನು ಉರುಳಿಸಿದ ಮೇಲೆ ವರ್ಷಗಟ್ಟಲೆ ಊರೂರನ್ನು ಕಾಯಬೇಕಾದೀತೆಂಬ ಊಹೆಗೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ.

2001ರ ಅಕ್ಟೋಬರ್ 7ರಂದು ಅಫ್ಗಾನಿಸ್ತಾನದ ಮೇಲೆ ದಾಳಿ ಆರಂಭವಾಯಿತು, ನವೆಂಬರ್ 13ರಂದು ಕಾಬೂಲ್ ಕೈವಶವಾಯಿತು. ಅದೇ ತಿಂಗಳು ಮುಗಿಯುವುದರೊಳಗೆ ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಇರಾಕ್ ಯುದ್ಧದ ಯೋಜನೆಯನ್ನು ಹೊಸದಾಗಿ ರೂಪಿಸುವಂತೆ ಜನರಲ್ ಟಾಮಿ ಫ್ರಾಂಕ್ಸ್‌ಗೆ ಸೂಚಿಸಿದರು. ಅಫ್ಗಾನ್ ಕಾರ್ಯಾಚರಣೆಯ ಹೊಣೆ ಹೊತ್ತಿದ್ದವರೂ ಅದೇ ಫ್ರಾಂಕ್ಸ್. ಡಿಸೆಂಬರ್‌ನಲ್ಲಿ ತೋರಾ ಬೋರಾ ಬೆಟ್ಟಗಳಲ್ಲಿ ಬಿನ್ ಲಾಡೆನ್‌ನ ಬೆನ್ನು ಹತ್ತಿದ್ದ ಅಮೆರಿಕನ್ ಕಮಾಂಡೊಗಳ ಸಂಖ್ಯೆ ನೂರನ್ನೂ ಮುಟ್ಟಿರಲಿಲ್ಲ, ಆತ ತಪ್ಪಿಸಿಕೊಂಡ. ಇರಾಕ್ ಯೋಜನೆಯಿಂದಲೇ ಹಾಗಾಯಿತೆಂದು ಹೇಳಲಾಗದು, ಏಕೆಂದರೆ ಕಡಿಮೆ ಪಡೆಯಿಂದ ಕೆಲಸ ಮುಗಿಸುವುದು ಮೊದಲಿನಿಂದಲೂ ರಮ್ಸ್‌ಫೆಲ್ಡ್ ಅವರ ಹಟವಾಗಿತ್ತು. ಆದರೆ ಮುಂದಿನ ವರ್ಷ ಆ ನೆಲವನ್ನು ಬಲ್ಲ ವಿಶೇಷ ಪಡೆಗಳನ್ನೂ ಕಣ್ಗಾವಲಿನ ಡ್ರೋನ್‌ಗಳನ್ನೂ ಅಲ್ಲಿಂದ ತೆಗೆದು ಇರಾಕ್ ಸಿದ್ಧತೆಗೆ ತೊಡಗಿಸಿದ್ದಕ್ಕೆ ಆ ಸಮಜಾಯಿಷಿ ಸಾಲದು.

ಎಚ್ಚರಿಸಿದವರು ಇರಲಿಲ್ಲವೆಂದಲ್ಲ. ಇರಾಕ್ ಆಕ್ರಮಣಕ್ಕೆ ಕೆಲವೇ ವಾರಗಳ ಮುಂಚೆ, 2003ರ ಫೆಬ್ರವರಿ 25ರಂದು, ಭೂಸೇನೆಯ ಮುಖ್ಯಸ್ಥ ಜನರಲ್ ಎರಿಕ್ ಶಿನ್ಸೆಕಿ, ಯುದ್ಧಾನಂತರ ಇರಾಕನ್ನು ಹಿಡಿತದಲ್ಲಿಡಲು ಹಲವು ಲಕ್ಷ ಸೈನಿಕರು ಬೇಕಾಗಬಹುದೆಂದು ಸೆನೆಟ್ ಸಮಿತಿಗೆ ತಿಳಿಸಿದರು. ಉಪ ರಕ್ಷಣಾ ಕಾರ್ಯದರ್ಶಿ ಪಾಲ್ ವುಲ್ಫೊವಿಟ್ಜ್ ಎರಡೇ ದಿನಗಳಲ್ಲಿ ಆ ಅಂದಾಜನ್ನು ತಳ್ಳಿಹಾಕಿದರು. ಇಡೀ ಭೂಸೇನೆಯ ಸಕ್ರಿಯ ಬಲವೇ ಸುಮಾರು 4,80,000 ಇದ್ದಾಗ ಶಿನ್ಸೆಕಿಯವರ ಸಂಖ್ಯೆಯನ್ನು ಒಪ್ಪಿಕೊಳ್ಳುವುದೆಂದರೆ ಎರಡು ಯುದ್ಧಗಳ ಲೆಕ್ಕವೇ ತಪ್ಪೆಂದು ಒಪ್ಪಿಕೊಂಡಂತೆ. ಆ ವರ್ಷ ಮೇ 1ರಂದು ಅಧ್ಯಕ್ಷ ಬುಷ್ ವಿಮಾನವಾಹಕ ನೌಕೆಯ ಮೇಲೆ ನಿಂತು ಇರಾಕ್‌ನಲ್ಲಿ ಪ್ರಮುಖ ಕಾಳಗ ಮುಗಿಯಿತೆಂದರು. ಅದೇ ದಿನ ಕಾಬೂಲಿನಲ್ಲಿ ರಮ್ಸ್‌ಫೆಲ್ಡ್ ಅಫ್ಗಾನಿಸ್ತಾನದ ಬಗ್ಗೆಯೂ ಹೆಚ್ಚುಕಡಿಮೆ ಅದನ್ನೇ ಹೇಳಿದರು.

ಪ್ರಶ್ನೆಯನ್ನು ಮುಂದೂಡಲು ಹಣಕಾಸಿನ ಪದ್ಧತಿಯೂ ನೆರವಾಯಿತು. ಯುದ್ಧದ ಖರ್ಚು ಬಹುಕಾಲ ತುರ್ತು ಪೂರಕ ಅನುದಾನದ ರೂಪದಲ್ಲಿ ಬರುತ್ತಿದ್ದುದರಿಂದ, ರಕ್ಷಣಾ ಇಲಾಖೆಯಾದ ಪೆಂಟಗನ್ನಿನ ಮೂಲ ಬಜೆಟ್ಟಿನಲ್ಲಿ ಭವಿಷ್ಯದ ಯುದ್ಧಕ್ಕೆಂದು ಕೊಳ್ಳುವ ಆಯುಧಗಳು ನಡೆಯುತ್ತಿರುವ ಯುದ್ಧಗಳ ಅಗತ್ಯದೊಂದಿಗೆ ಸ್ಪರ್ಧಿಸಬೇಕಾಗಿ ಬರಲಿಲ್ಲ. ನೆಲಬಾಂಬಿನ ಸ್ಫೋಟವನ್ನು ತಾಳಿಕೊಳ್ಳುವ ಕವಚ ವಾಹನಗಳು ಬೇಕೆಂದು ಇರಾಕ್‌ನ ಅನ್ಬಾರ್ ಪ್ರಾಂತ್ಯದ ಮರೀನ್ ಅಧಿಕಾರಿಗಳು 2005ರಲ್ಲೇ ತುರ್ತು ಬೇಡಿಕೆ ಸಲ್ಲಿಸಿದ್ದರು. ಅವುಗಳ ಖರೀದಿ ಇಲಾಖೆಯ ಅತ್ಯುನ್ನತ ಆದ್ಯತೆಯಾದದ್ದು 2007ರ ಮೇ ತಿಂಗಳಲ್ಲಿ, ಹೊಸ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಆಜ್ಞೆ ಹೊರಡಿಸಿದ ಮೇಲೆ. ಅದೇ ಗೇಟ್ಸ್ 2009ರಲ್ಲಿ ಎಫ್-22 ಯುದ್ಧವಿಮಾನಗಳ ತಯಾರಿಕೆಯನ್ನು 187ಕ್ಕೆ ನಿಲ್ಲಿಸಲು ಹೊರಟಾಗ ಭಾರೀ ವಿರೋಧ ಎದುರಾಯಿತು. ಅಷ್ಟು ಹೊತ್ತಿಗೆ ಆ ವಿಮಾನ ಎರಡೂ ರಣರಂಗಗಳಲ್ಲಿ ಒಂದೇ ಒಂದು ಯುದ್ಧ ಹಾರಾಟವನ್ನೂ ನಡೆಸಿರಲಿಲ್ಲ. ಸೆನೆಟ್ ಕೊನೆಗೆ 58-40 ಮತಗಳಿಂದ ಅವರ ಕಡೆ ನಿಂತಿತು.

ಲೆಕ್ಕದ ಭಾರ ಬಿದ್ದದ್ದು ಸೈನಿಕರ ಮೇಲೆ. 2007ರಲ್ಲಿ ಇರಾಕ್‌ಗೆ ಹೆಚ್ಚುವರಿ ಪಡೆ ಕಳುಹಿಸಲು ಭೂಸೇನೆಯವರ ವಿದೇಶಿ ನಿಯೋಜನೆಯನ್ನು 12ರಿಂದ 15 ತಿಂಗಳಿಗೆ ಏರಿಸಬೇಕಾಯಿತು. ಸೇವಾವಧಿ ಮುಗಿದವರನ್ನೂ ಬಿಡುಗಡೆ ಮಾಡದೆ ಉಳಿಸಿಕೊಳ್ಳಲಾಯಿತು. ಮಲೆನ್ ಸಮಿತಿಯ ಮುಂದೆ ಕುಳಿತಾಗ ಇರಾಕ್‌ನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರಿದ್ದರು, ಅಫ್ಗಾನಿಸ್ತಾನದಲ್ಲಿ ಸುಮಾರು 25,000.

2009ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಒಬಾಮ ಅಫ್ಗಾನಿಸ್ತಾನಕ್ಕೆ ಇನ್ನೂ 30,000 ಸೈನಿಕರನ್ನು ಕಳುಹಿಸುವುದಾಗಿ ಪ್ರಕಟಿಸಿದರು. ಇರಾಕ್‌ಗಿಂತ ಅಲ್ಲಿ ಹೆಚ್ಚು ಅಮೆರಿಕನ್ ಸೈನಿಕರಿರುವ ಸ್ಥಿತಿ ಬಂದದ್ದು 2010ರ ಮೇ ತಿಂಗಳಲ್ಲಿ. ಇರಾಕ್ ಯುದ್ಧ ಆರಂಭವಾದಂದಿನಿಂದ ಹಾಗಾದದ್ದು ಅದೇ ಮೊದಲು. ಅಷ್ಟರಲ್ಲಿ ಅಫ್ಗಾನ್ ಯುದ್ಧಕ್ಕೆ ಒಂಬತ್ತನೆಯ ವರ್ಷ ನಡೆಯುತ್ತಿತ್ತು.