ಚಪ್ಪಿ ಮುರಿಯೋ ತನಕ ಯಾಕ್ ಕಾಯಬೇಕ್ರಿ?

ನಮ್ಮ ಕಲಬುರಗಿ ಜಿಲ್ಲಾದ ಸೇಡಂ, ಚಿತ್ತಾಪುರ ಕಡಿಂದ ಚಪ್ಪಿ, ಅಂದ್ರ ಹಿಪ್ ಎಲಬು ಮುರಕೊಂಡು ಬರೋ ಆಯಿಗಳಿಗೆ ನಾ ಮೊದ್ಲು ಕೇಳೋದು, ಇದಕ್ಕಿಂತ ಹಿಂದ ಬ್ಯಾರೆ ಎಲ್ಯಾರ ಮುರದಿತ್ತೇನಬೇ ಅಂತ. ಭಾಳ ಮಂದಿ ಕೈ ಮುಂದ ಮಾಡಿ ಸೊಟ್ಟಗಾದ ಮಣಿಕಟ್ಟು ತೋರಸ್ತಾರ. ಬಚ್ಚಲದಾಗ ಜಾರಿದ್ದು, ಪ್ಲಾಸ್ಟರ್ ಹಾಕಿದ್ರು, ಕೂಡ್ತು, ಅಷ್ಟಕ್ಕ ಬಿಟ್ರು. ಎಲಬು ಸವದು ಟೊಳ್ಳಾಗೋ ರೋಗ, ಅಂದ್ರ ಆಸ್ಟಿಯೋಪೊರೋಸಿಸ್ ಇರಬಹುದಂತ ಗುಳಗಿ ಯಾರೂ ಬರದಿಲ್ಲ.

ಸಿಟ್ಟು ಬರೋದು ಇಲ್ಲೇ ನೋಡ್ರಿ. ಬಿಪಿಎಲ್ ಮನಿಯವ್ರಿಗೆ ಆಯುಷ್ಮಾನ್ ಕಾರ್ಡಿನಾಗ ಅಡ್ಮಿಟ್ ಆಗಿ ಆಪರೇಷನ್ ಆಗ್ತದ, ಆದ್ರ ಮುರಿಯೋಕಿಂತ ಮೊದ್ಲು ಓಪಿಡಿದಾಗ ಮಾಡೋ, ಎಲಬು ಎಷ್ಟು ಗಟ್ಟಿ ಅದಾವಂತ ಅಳಿಯೋ ಡೆಕ್ಸಾ ಸ್ಕ್ಯಾನು, ವರ್ಷಗಟ್ಟಲೆ ನುಂಗೋ ಗುಳಗಿ ಆ ಕಾರ್ಡಿನಾಗ ಬರಂಗಿಲ್ಲ. ಹಳ್ಳಿ ಪಿಎಚ್‌ಸಿದಾಗ ಡೆಕ್ಸಾ ಮಷೀನೇ ಇಲ್ಲ, ದೊಡ್ಡ ಊರಿಗೆ ಬರಬೇಕಂದ್ರ ಬಸ್ ಖರ್ಚಾ, ಒಂದಿನದ ಕೂಲಿ, ಸಂಗಟ ಬರ್ಲಿಕ್ಕೆ ಒಬ್ರು. ಕ್ಯಾಂಪಿನಾಗ ಹಿಮ್ಮಡಿಗೆ ಹಚ್ಚಿ ನೋಡೋ ಮಷೀನ್ ಇರ್ತದಲ್ಲ, ಅದೊಂದನ್ನ ನಂಬಿ ರೋಗ ಅದ, ಇಲ್ಲ ಅಂತ ಹೇಳ್ಲಿಕ್ಕೆ ಬರಂಗಿಲ್ಲ.

ಆದ್ರ ಸ್ಕ್ಯಾನ್ ಇಲ್ಲಂತ ಕೈಕಟ್ಟಿ ಕೂಡಬೇಕಾಗಿಲ್ಲ. ಡೆಕ್ಸಾದಾಗ ಟಿ-ಸ್ಕೋರ್, ಅಂದ್ರ ಹರೇದವರ ಗಟ್ಟಿ ಎಲಬಿಗೆ ಹೋಲಿಸಿದ ಅಂಕಿ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗ ಇದ್ರ ಆಸ್ಟಿಯೋಪೊರೋಸಿಸ್ ಅಂತೀವಿ ಖರೆ, ಆದ್ರ 50 ದಾಟಿದವ್ರು ನಿಂತಲ್ಲೇ ಬಿದ್ದು ಚಪ್ಪಿನೋ ಬೆನ್ನೆಲಬೋ ಮುರಕೊಂಡ್ರ, ಕ್ಯಾನ್ಸರಿನಂಥ ಬ್ಯಾರೆ ಕಾರಣ ಇಲ್ಲಂತ ನೋಡಕೊಂಡು, ಸ್ಕ್ಯಾನಿಗೆ ಕಾಯದೇ ಔಷಧ ಶುರು ಮಾಡಬಹುದು. ಮುಂದ ಎಲಬು ಮುರಿಯೋ ಸಾಧ್ಯತೆ ಎಷ್ಟಂತ ಹೇಳೋ ಫ್ರಾಕ್ಸ್ ಅನ್ನೋ ಲೆಕ್ಕಾನೂ ಸ್ಕ್ಯಾನ್ ಇಲ್ಲದೇ ವಯಸ್ಸು, ತೂಕ, ಹಳೆ ಫ್ರ್ಯಾಕ್ಚರ್, ಸ್ಟಿರಾಯ್ಡ್ ಕೇಳಿ ಮೊಬೈಲಿನಾಗ ಆಗ್ತದ. ಎಲಬು ಸವಿಯೋದು ತಡಿಯೋ ಅಲೆಂಡ್ರೋನೇಟ್ 70 ಮಿಲಿಗ್ರಾಂ ವಾರಕ್ಕ ಒಂದೇ ಗುಳಗಿ, ಕಿಡ್ನಿ ಮತ್ತ ಕ್ಯಾಲ್ಸಿಯಂ ಟೆಸ್ಟ್ ನೋಡಿ ಕೊಡೋದು. ಮುಂಜಾನಿ ಖಾಲಿ ಹೊಟ್ಟಿಲೆ ಒಂದ್ ಗ್ಲಾಸ್ ಬರೇ ನೀರಿನ ಜೋಡಿ ನುಂಗಿ, ಅರ್ಧಾ ತಾಸು ಮಲಗಬಾರದು, ಚಾನೂ ಕುಡೀಬಾರದು. ಚಾ ಬಿಡಸೋದೇ ಕಷ್ಟ.

ತಾಂಡಾದ ಹೆಣ್ಮಕ್ಕಳ ಮಾತು ಬ್ಯಾರೇನೇ ಅದ. ನಮ್ಮ ಜಿಲ್ಲಾದಾಗ ಸಣ್ಣ ವಯಸ್ಸಿನಾಗೇ ಗರ್ಭಕೋಶ ತಗದಿದ್ದು ಪೇಪರಿನಾಗೂ ಬಂದಿತ್ತು. ಅದರ ಸಂಗಟ ಅಂಡಾಶಯನೂ ಹೋಗಿದ್ರ ಎಲಬು ಕಾಯೋ ಈಸ್ಟ್ರೋಜನ್ ಹಾರ್ಮೋನ್ ಒಮ್ಮಿಗೇ ನಿಂತು ಎಲಬು ಜಲ್ದಿ ಸವೀತಾವ. ಏನೇನ್ ತಗದ್ರವ್ವ ಅಂತ ಕೇಳಿದ್ರ ಅವರಿಗೆ ಗೊತ್ತಿರಂಗಿಲ್ಲ, ಕಾಗದಾನೂ ಇರಂಗಿಲ್ಲ. 40ಕ್ಕೇ ಬೆನ್ನು ನೋವು ಅಂತ ಬಂದಾಕಿಗೆ ಪೇನ್ ಕಿಲ್ಲರ್ ಕೊಟ್ಟು ಕಳಸೋದು ಅನ್ಯಾಯ.

ಆಶಾ ಅಕ್ಕೋರು 30 ದಾಟಿದವರ ಮನಿಗೆ ಹೋಗಿ ಬಿಪಿ, ಶುಗರ್ ಫಾರ್ಮ್ ತುಂಬತಾರಲ್ಲ, ಅದರಾಗೇ ಇನ್ನೆರಡು ಪ್ರಶ್ನೆ ಸೇರಸ್ರಿ: ಸಣ್ಣಗೆ ಬಿದ್ದು ಎಲಬು ಮುರದಾವೇನು, ಗರ್ಭಕೋಶ ಯಾವ ವಯಸ್ಸಿಗೆ ತಗದಾರ. ಮನಿ ಮಂದಿಗೆ ಒಂದೇ ಮಾತು, ಹಳೆ ಎಕ್ಸ್‌ರೇ, ಡಿಸ್ಚಾರ್ಜ್ ಕಾರ್ಡ್ ಎಸೀಬ್ಯಾಡ್ರಿ, ಬರೋವಾಗ ತಗೊಂಡು ಬರ್ರಿ.