ಎಂಎಲ್‌ಎ ಮೇಲೆ ಕೇಸ್ ಹಾಕೋಕೆ ಸ್ಪೀಕರ್ ಪರ್ಮಿಷನ್ ಬೇಕಾ?

ಪ್ರಶ್ನೆ: ನಮ್ಮ ಎಂಎಲ್‌ಎ ಕಡೆಯವರು ಬಂದು ನಮ್ಮ ಸೈಟಿನ ಕಾಂಪೌಂಡ್ ಒಡೆದು ಹಾಕಿದ್ದಾರೆ. ಕೋರ್ಟಿಗೆ ಹೋಗೋಣ ಅಂದರೆ, ‘ಶಾಸಕರ ಮೇಲೆ ಕೇಸ್ ಹಾಕೋ ಹಾಗಿಲ್ಲ, ಅವರಿಗೆ ವಿಶೇಷ ಹಕ್ಕು ಇದೆ, ಸ್ಪೀಕರ್ ಪರ್ಮಿಷನ್ ತರಬೇಕು’ ಅಂತ ಎಲ್ಲರೂ ಹೇಳ್ತಾರೆ. ನಿಜಾನಾ ಸಾರ್?

ಉತ್ತರ: ಸುಳ್ಳು. ಕೇಸ್ ಹಾಕಬಹುದು. ಸ್ಪೀಕರ್ ಅವರನ್ನು ಕೇಳಬೇಕಾಗಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಇದೇ ಪ್ರಶ್ನೆ ಮತ್ತೆ ಬರುತ್ತದೆ ಅಂತ ಗೊತ್ತು. ಕಾಂಪೌಂಡ್ ಬದಲು ಚೆಕ್ ಬೌನ್ಸ್ ಇರುತ್ತದೆ, ಇಲ್ಲವೇ ಬಾಡಿಗೆ ಬಾಕಿ. ಮಾಜಿ ಕಾರ್ಪೊರೇಟರ್ ಮೇಲೂ ಕೇಸ್ ಹಾಕೋಕಾಗಲ್ಲ ಅಂತ ನಂಬಿ ಸುಮ್ಮನೆ ಕೂತವರಿದ್ದಾರೆ! ನಮ್ಮ ಬೆಂಗಳೂರಿನಲ್ಲೇ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಇದೆ. ಪೇಪರಿನಲ್ಲಿ ಅದರ ಹೆಸರು ಓದುತ್ತಲೇ ಇರುತ್ತೀರಿ. ಶಾಸಕರ ಮೇಲೆ ಕೇಸ್ ಹಾಕುವ ಹಾಗೇ ಇಲ್ಲ ಅಂದರೆ ಆ ಕೋರ್ಟಿಗೆ ಏನು ಕೆಲಸ ಹೇಳಿ?

ಈ ತಪ್ಪು ತಿಳಿವಳಿಕೆ ಎಲ್ಲಿಂದ ಬಂತು ಅಂತ ನೋಡಿದರೆ, ಮೂರು ಬೇರೆ ಬೇರೆ ಕಾನೂನುಗಳನ್ನು ಜನ ಕಲಸಿಬಿಟ್ಟಿದ್ದಾರೆ.

ಒಂದು, ನಲವತ್ತು ದಿನದ ಕಥೆ. ಅಧಿವೇಶನ ನಡೆಯುವಾಗ, ಅದಕ್ಕೆ 40 ದಿನ ಮೊದಲು, ಮುಗಿದು 40 ದಿನದವರೆಗೆ ಶಾಸಕರನ್ನು ಬಂಧಿಸುವಂತಿಲ್ಲ ಅನ್ನುತ್ತಾರಲ್ಲ, ಅದು ಇರುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 135ಎ ಕಲಮಿನಲ್ಲಿ. ಡಿಕ್ರಿ ಆದ, ಅಂದರೆ ಕೋರ್ಟ್ ಕೊಡು ಅಂತ ತೀರ್ಪು ಕೊಟ್ಟ ದುಡ್ಡು ಕಟ್ಟಲಿಲ್ಲ ಅಂತ ಸಿವಿಲ್ ಜೈಲಿಗೆ ಹಾಕುತ್ತಾರಲ್ಲ, ಆ ಬಂಧನಕ್ಕೆ ಮಾತ್ರ ಅದು ಅಡ್ಡ ಬರುತ್ತದೆ. ದಾವೆ ಹೂಡುವುದಕ್ಕೆ ಅಡ್ಡಿ ಇಲ್ಲ. ತಡೆಯಾಜ್ಞೆಗೂ ಇಲ್ಲ. ಕ್ರಿಮಿನಲ್ ಕೇಸಿಗಂತೂ ಅದು ಸಂಬಂಧವೇ ಇಲ್ಲ. ಹೊಡೆದಾಟ, ಅತಿಕ್ರಮ ಪ್ರವೇಶ, ಬೆದರಿಕೆ ಆದಾಗ 135ಎ ಹೆಸರು ಎತ್ತುವವರು ಅದನ್ನು ಓದಿಲ್ಲ ಅಂತಲೇ ಅರ್ಥ.

ಎರಡು, ಸ್ಪೀಕರ್. ಸದನದ ಆವರಣದೊಳಗೆ ಬಂಧಿಸಬೇಕಾದರೆ ಅವರ ಅನುಮತಿ ಬೇಕು, ನಿಜ. ಹೊರಗೆ ಬಂಧಿಸಿದರೆ ಪೊಲೀಸರು ಅವರಿಗೆ ತಿಳಿಸಬೇಕು. ತಿಳಿಸುವುದು ಬೇರೆ, ಕೇಳುವುದು ಬೇರೆ ಅಲ್ವಾ?

ಮೂರು, ರಾಜ್ಯಪಾಲರ ಅನುಮತಿ. 2024ರಲ್ಲಿ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಗಲಾಟೆಯಲ್ಲಿ ಮುಖ್ಯಮಂತ್ರಿ ಮೇಲಿನ ತನಿಖೆಗೆ ರಾಜ್ಯಪಾಲರು ಅನುಮತಿ ಕೊಟ್ಟಾಗಿನಿಂದ ಈ ಗೊಂದಲ ಜಾಸ್ತಿಯಾಗಿದೆ. ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ, ಅಧಿಕಾರದಲ್ಲಿದ್ದು ಮಾಡಿದ ಕೆಲಸದ ಬಗ್ಗೆ ತನಿಖೆಗೆ ಮೊದಲೇ ಅನುಮತಿ ಬೇಕು. ಮುಖ್ಯಮಂತ್ರಿಗೆ ಮಾತ್ರ ಅಲ್ಲ, ಮಾಮೂಲಿ ಸರಕಾರಿ ನೌಕರರಿಗೂ ಆ ರಕ್ಷಣೆ ಇದೆ. ನಿಮ್ಮ ಕಾಂಪೌಂಡ್ ಒಡೆಸುವುದು ಯಾರ ಸರಕಾರಿ ಕೆಲಸವೂ ಅಲ್ಲ. ಹುದ್ದೆಯಲ್ಲಿ ಇರುವಷ್ಟು ದಿನ ಕ್ರಿಮಿನಲ್ ಕೇಸೇ ನಡೆಸುವಂತಿಲ್ಲ ಅನ್ನುವ ರಕ್ಷಣೆಯನ್ನು ಸಂವಿಧಾನ ಕೊಟ್ಟಿರುವುದು ರಾಷ್ಟ್ರಪತಿಗೆ ಮತ್ತು ರಾಜ್ಯಪಾಲರಿಗೆ, 361ನೇ ವಿಧಿಯಲ್ಲಿ. ಎಂಎಲ್‌ಎಗಳು ಆ ಪಟ್ಟಿಯಲ್ಲಿಲ್ಲ.

ಸದನದ ಒಳಗೂ ಎಲ್ಲದಕ್ಕೂ ರಕ್ಷಣೆ ಇಲ್ಲ. 2015ರಲ್ಲಿ ಕೇರಳ ವಿಧಾನಸಭೆಯಲ್ಲಿ ಬಜೆಟ್ ಮಂಡಿಸುವ ದಿನ ಕೆಲವು ಶಾಸಕರು ಸ್ಪೀಕರ್ ಪೀಠಕ್ಕೇ ಹತ್ತಿ ಕುರ್ಚಿ, ಮೈಕು, ಕಂಪ್ಯೂಟರ್ ಹಾಳು ಮಾಡಿದರು. ಮುಂದೆ ಸರಕಾರ ಆ ಕೇಸನ್ನು ವಾಪಸ್ ತೆಗೆದುಕೊಳ್ಳಲು ಹೊರಟಿತು. ಆಸ್ತಿ ಹಾಳು ಮಾಡುವುದು ಶಾಸನ ಸಭೆಯ ಕೆಲಸ ಅಲ್ಲ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಬಿಡಲಿಲ್ಲ. ದುಡ್ಡು ತಗೊಂಡು ಸದನದಲ್ಲಿ ವೋಟ್ ಹಾಕಿದರೆ ರಕ್ಷಣೆ ಇದೆ ಅಂತ 1998ರ ಪಿ.ವಿ. ನರಸಿಂಹ ರಾವ್ ಪ್ರಕರಣದ ತೀರ್ಪು ಹೇಳಿತ್ತು. ಅದನ್ನು 2024ರ ಮಾರ್ಚ್‌ನಲ್ಲಿ ಸೀತಾ ಸೊರೇನ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೆಗೆದುಹಾಕಿತು.

ಹಾಗಾದರೆ ಉಳಿದದ್ದೇನು? ಸದನದಲ್ಲಿ ಆಡಿದ ಮಾತು, ಹಾಕಿದ ಮತ. ಸಂವಿಧಾನದ 194ನೇ ವಿಧಿ ಇವೆರಡನ್ನೂ ಕೋರ್ಟಿನಿಂದ ಹೊರಗಿಟ್ಟಿದೆ. ಸಂಸದರಿಗೆ ಇದೇ ರಕ್ಷಣೆ 105ರಲ್ಲಿದೆ. ಇಲ್ಲಿ ಮಾತ್ರ ಕೋರ್ಟಿನ ಬಾಗಿಲು ನಿಜವಾಗಿಯೂ ಮುಚ್ಚಿದೆ. ವಿಚಿತ್ರ ಅಂದರೆ, ಇದರ ಬಗ್ಗೆ ಯಾರೂ ನನಗೆ ಪತ್ರ ಬರೆಯುವುದಿಲ್ಲ.

ಒಬ್ಬ ಸದಸ್ಯರು ವಿಧಾನಸಭೆಯಲ್ಲಿ ಎದ್ದು ನಿಂತು, ನಿಮ್ಮ ಹೆಸರು, ಮನೆ ನಂಬರು, ಕ್ರಾಸು ಎಲ್ಲ ಹೇಳಿ ‘ಇವರು ಕೆರೆ ಒತ್ತುವರಿ ಮಾಡಿದ್ದಾರೆ’ ಅಂದರು ಅಂತಿಟ್ಟುಕೊಳ್ಳಿ. ನಿಮ್ಮ ಖಾತೆ ಸರಿ ಇದೆ, ಸರ್ವೇ ಸ್ಕೆಚ್ ಸರಿ ಇದೆ. ಆದರೂ ಮಾನನಷ್ಟ ಮೊಕದ್ದಮೆ ನಿಲ್ಲುವುದಿಲ್ಲ. ಬೇಕೆಂದೇ ಸುಳ್ಳು ಹೇಳಿದ್ದಾರೆ ಅಂದರೂ ಅಷ್ಟೇ. ಪುರಿ ಶಂಕರಾಚಾರ್ಯರ ಬಗ್ಗೆ ಲೋಕಸಭೆಯಲ್ಲಿ ಆಡಿದ ಮಾತಿಗೆ ಅವರ ಅನುಯಾಯಿಗಳು ದಾವೆ ಹಾಕಿದಾಗ ಸುಪ್ರೀಂ ಕೋರ್ಟ್ 1970ರಲ್ಲಿ ಹೇಳಿದ್ದು ಇದನ್ನೇ. ಅದೇ ಸದಸ್ಯರು ಹೊರಗೆ ಬಂದು ವಿಧಾನಸೌಧದ ಮೆಟ್ಟಿಲ ಮೇಲೆ, ಟಿವಿ ಮೈಕುಗಳ ಮುಂದೆ ಅದೇ ಮಾತು ಹೇಳಲಿ. ಆಗ ಆ ರಕ್ಷಣೆ ಇಲ್ಲ, ನೀವು ಕೇಸ್ ಹಾಕಬಹುದು.

ಕೋರ್ಟಿಗೆ ಹೋಗುವುದೇ ಒಂದು ಹಕ್ಕು ಅಲ್ಲವಾ ಅಂದರೆ, ಹೌದು. 2016ರಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಹಾಗೇ ಹೇಳಿದೆ. ಆದರೆ ಸಂವಿಧಾನವೇ ಹಾಕಿದ ಬೀಗ ಇದು. ಯುರೋಪಿನಲ್ಲೂ ಇದೇ ಜಗಳ ನಡೆದಿದೆ. ಇಂಗ್ಲೆಂಡಿನ ಬ್ರಿಸ್ಟಲ್‌ನ ಒಬ್ಬ ಸಂಸದ 1996ರಲ್ಲಿ ಸಂಸತ್ತಿನಲ್ಲಿ ಒಬ್ಬ ಮಹಿಳೆಯ ಹೆಸರು, ವಿಳಾಸ ಹೇಳಿ ನೆರೆಹೊರೆಗೆ ಕಾಟ ಕೊಡುವವಳು ಅಂದರು. ಆಕೆಗೆ ದ್ವೇಷದ ಪತ್ರಗಳು ಬಂದವು. ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ 2002ರಲ್ಲಿ ಆಕೆಯ ಪರ ನಿಲ್ಲಲಿಲ್ಲ. ಮರುವರ್ಷವೇ ಇಟಲಿಯ ಕೇಸು. ಸಂಸತ್ ಸದಸ್ಯರೂ ಆಗಿದ್ದ ಮಾಜಿ ರಾಷ್ಟ್ರಾಧ್ಯಕ್ಷ ಕೊಸ್ಸಿಗಾ ಒಬ್ಬ ಸರಕಾರಿ ವಕೀಲರಿಗೆ ವ್ಯಂಗ್ಯದ ಪತ್ರಗಳ ಜೊತೆ ಆಟದ ಮರದ ಕುದುರೆ, ಮೂರು ಚಕ್ರದ ಸೈಕಲ್ ಕಳಿಸಿದ್ದರು. ಕುದುರೆ ಕಳಿಸುವುದಕ್ಕೂ ಸಂಸತ್ತಿಗೂ ಏನು ಸಂಬಂಧ? ವಕೀಲರು ಗೆದ್ದರು.

ಸದನದಲ್ಲಿ ಹೆಸರು ಕೆಟ್ಟವರಿಗೆ ಸಿಗುವುದು ಕಡಿಮೆ. ಸ್ಪೀಕರ್ ಆ ಮಾತನ್ನು ಕಡತದಿಂದ ತೆಗೆಸಬಹುದು. ಇನ್ನೊಬ್ಬ ಸದಸ್ಯರಿಂದ ವಿಷಯ ಎತ್ತಿಸಬಹುದು. ಆಸ್ಟ್ರೇಲಿಯಾದ ಸೆನೆಟ್‌ನಲ್ಲಿ 1988ರಿಂದ, ಇಂಥವರು ತಮ್ಮ ಉತ್ತರವನ್ನೂ ಸದನದ ದಾಖಲೆಗೆ ಸೇರಿಸಿ ಅಂತ ಕೇಳಿಕೊಳ್ಳಬಹುದು. ನಮ್ಮಲ್ಲೂ ಇಂಥದ್ದು ಬರಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು. ಸದನದ ವಿಡಿಯೊ ತುಣುಕನ್ನು ವಾಟ್ಸ್ಆ್ಯಪ್‌ನಲ್ಲಿ ಫಾರ್ವರ್ಡ್ ಮಾಡುವವರು ತಮಗೂ ರಕ್ಷಣೆ ಇದೆ ಅಂದುಕೊಂಡಿರುತ್ತಾರೆ. 361ಎ ವಿಧಿ ಹೆಸರಿಸಿರುವುದು ಪತ್ರಿಕೆಗಳನ್ನು ಮತ್ತು ಪ್ರಸಾರ ಕೇಂದ್ರಗಳನ್ನು. ಅವರ ವರದಿಯೂ ಬಹುಮಟ್ಟಿಗೆ ನಿಜ ಇರಬೇಕು, ದ್ವೇಷದಿಂದ ಹಾಕಿರಬಾರದು. ಫ್ಯಾಮಿಲಿ ಗ್ರೂಪಿನ ಹೆಸರು ಅಲ್ಲಿಲ್ಲ. ಕಡತದಿಂದ ತೆಗೆದ ಮಾತನ್ನೇ ಹಂಚಿದರೆ ಹಕ್ಕುಚ್ಯುತಿ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ ಆರೋಪ ಬೇರೆ. ಅದಕ್ಕೆ ಶಿಕ್ಷೆ ಕೊಡುವುದು ಕೋರ್ಟ್ ಅಲ್ಲ, ಸದನವೇ. 2017ರಲ್ಲಿ ನಮ್ಮ ವಿಧಾನಸಭೆ ಬೇರೊಂದು ಹಕ್ಕುಚ್ಯುತಿ ವಿಷಯದಲ್ಲಿ ಇಬ್ಬರು ಪತ್ರಕರ್ತರಿಗೆ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ಅಂತ ನಿರ್ಣಯ ಮಾಡಿತ್ತು. ಆಗ ಕೋರ್ಟಿಗೆ ಓಡಬೇಕಾದವರು ಶಾಸಕರಲ್ಲ, ಪತ್ರಕರ್ತರು.