ಮೊದಲು ಚರಂಡಿ ತೋಡಿಸಿ, ಆಮೇಲೆ ಡಾಂಬರು

ಮೇ ತಿಂಗಳು ಬಂತೆಂದರೆ ರಸ್ತೆ ಕೆಲಸ ಮಾಡಿಸುವ ನನಗೆ ಕಾಫಿ ತೋಟದವರ ಫೋನ್ ಮೇಲೆ ಫೋನ್. ‘ಸಾರ್, ಮಳೆ ಹಿಡಿಯೋ ಮೊದಲು ರಸ್ತೆಗೆ ಇನ್ನೊಂದು ಕೋಟ್ ಹಾಕಿಸಿ. ಈ ಸಲ ಡಾಂಬರು ಜಾಸ್ತಿನೇ ಇರಲಿ.’ ಚರಂಡಿ ಇದೆಯಾ ಅಂತ ಕೇಳಿದರೆ ಆ ಕಡೆ ಮಾತಿಲ್ಲ.

ಹೋದ ವರ್ಷ ಕೊಡಗಿನ ನಾಪೋಕ್ಲು ಕಡೆಯ ಹಿರಿಯರೊಬ್ಬರು ಕರೆಸಿದ್ದರು. ಮೂರು ವರ್ಷದಲ್ಲಿ ಎರಡು ಸಲ ಡಾಂಬರು ಹಾಕಿಸಿದ ರಸ್ತೆ. ಗುಂಡಿಯ ಅಂಚಿನಲ್ಲಿ ಕೂತು ಒಂದು ಚೂರು ಮುರಿದೆ. ಮೇಲೆಲ್ಲ ಕಪ್ಪಗೆ, ಗಟ್ಟಿಯಾಗಿಯೇ ಇತ್ತು. ಅಡಿಯ ಜಲ್ಲಿ ಮಾತ್ರ ಬೆರಳಿಗೇ ಕಿತ್ತು ಬಂತು, ತೊಳೆದಿಟ್ಟ ಹಾಗೆ ಬೋಳು. ಅವರ ಅಂಗೈಗೆ ಹಾಕಿದೆ. ‘ಇದಕ್ಕೆ ಡಾಂಬರೇ ಹಾಕಿಲ್ಲ, ಮೋಸ ಮಾಡಿದ್ದಾರೆ’ ಎಂದರು. ಹಾಕಿದ್ದರು. ನೀರು ಬಿಡಿಸಿತ್ತು.

ಕಲ್ಲಿಗೆ ಡಾಂಬರಿಗಿಂತ ನೀರಿನ ಮೇಲೆ ಒಲವು ಜಾಸ್ತಿ. ಬಿಸಿ ಮಾಡಿ ಬೆರೆಸಿ ಹಾಕುವ ಮಿಶ್ರಣದ, ಅಂದರೆ ಬಿಸಿ ಮಿಕ್ಸ್‌ನ ತೂಕದಲ್ಲಿ ಡಾಂಬರು ಸುಮಾರು 5%, ಉಳಿದದ್ದು ಜಲ್ಲಿ ಮತ್ತು ಪುಡಿ. ಆ ತೆಳು ಪದರವೇ ಕಲ್ಲು ಕಲ್ಲನ್ನು ಹಿಡಿದಿಡಬೇಕು. ನೀರು ನಿಂತರೆ ಮೆಲ್ಲಗೆ ಅದರಡಿಗೆ ಇಳಿಯುತ್ತದೆ. ಕಾಫಿ ಲೋಡಿನ ಲಾರಿ ಹತ್ತಿದಾಗ ಒಳಗಿನ ನೀರು ಒತ್ತಿ ಡಾಂಬರನ್ನು ಎಬ್ಬಿಸುತ್ತದೆ. ನೀರು ಗುಡ್ಡದ ಬದಿಯಿಂದ, ಅಡಿಯಿಂದ ಬರುತ್ತಿರುವಾಗ ಮೇಲೆ ಎಷ್ಟು ಕೋಟ್ ಬಳಿದರೆ ಏನು ಬಂತು? ಡಾಂಬರು ಜಾಸ್ತಿಯಾದರೆ ಮಾರ್ಚ್ ಬಿಸಿಲಿಗೆ ಉಕ್ಕಿ ಬರುತ್ತದೆ, ಏರಿನಲ್ಲಿ ಟೈರ್ ಜಾರುತ್ತದೆ.

ವಿಜಿ-30 ಹಾಕಿಸಲಾ, ವಿಜಿ-40 ಹಾಕಿಸಲಾ ಅಂತ ಕೇಳುವವರೂ ಇದ್ದಾರೆ. ಇವು ಡಾಂಬರಿನ ದರ್ಜೆಗಳು. ತೋಟದ ರಸ್ತೆಗೆ ಸಾಮಾನ್ಯವಾಗಿ ವಿಜಿ-30 ಸಾಕು. ವಿಜಿ-40 ಭಾರೀ ಲಾರಿಗಳ ಹೆದ್ದಾರಿಗೆ. ಮಳೆಗಾಲದ ನಡುವೆ ಗುಂಡಿ ಮುಚ್ಚಲೇಬೇಕಾದರೆ ಎಮಲ್ಷನ್ನಿನ, ಅಂದರೆ ನೀರಿನಲ್ಲಿ ಸಣ್ಣ ಹನಿಗಳಾಗಿ ಬೆರೆಸಿದ ಡಾಂಬರಿನ, ಬಿಸಿ ಮಾಡದೆ ಹಾಕುವ ಕೋಲ್ಡ್ ಮಿಕ್ಸ್ ಇದೆ. ಎಮಲ್ಷನ್ ಹಾಕುವಾಗ ಕಂದು ಬಣ್ಣ, ಅದರಲ್ಲಿನ ನೀರು ಬೇರ್ಪಟ್ಟ ಮೇಲೆ ಕಪ್ಪು. ಅದು ತಾತ್ಕಾಲಿಕ ಅಷ್ಟೆ. ಬಿಸಿ ಮಿಕ್ಸ್ ಅನ್ನು ಒದ್ದೆ ನೆಲದ ಮೇಲೆ ಹಾಕಲೇಬೇಡಿ.

ಮೆಣಸಿನ ಬುಡದಲ್ಲಿ ನೀರು ನಿಂತರೆ ಬಳ್ಳಿ ಸೊರಗುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಮಳೆಗೆ ಮೊದಲೇ ತೋಟದಲ್ಲಿ ನೀರು ಹೋಗಲು ಕಣಿ ಬಿಡಿಸುತ್ತೀರಿ. ರಸ್ತೆಗೂ ಅದೇ ಬೇಕು, ಅಲ್ವಾ? ಚರಂಡಿ ಎಷ್ಟು ಆಳ, ರಸ್ತೆಯ ಅಡಿಯಿಂದ ನೀರು ದಾಟಿಸುವ ಮೋರಿ ಎಲ್ಲಿ ಅನ್ನುವುದನ್ನು ಜಾಗ ನೋಡದೆ ಹೇಳಲಾರೆ. ಒಂದೊಂದು ಇಳಿಜಾರು ಒಂದೊಂದು ಥರ.

ಆ ಹಿರಿಯರು ಡಾಂಬರಿನ ದುಡ್ಡು ಹಾಗೇ ಇಟ್ಟುಕೊಂಡು, ಗುಡ್ಡದ ಬದಿಗೆ ಚರಂಡಿ ತೋಡಿಸಿ ಎರಡು ಮೋರಿ ಕಟ್ಟಿಸಿದ್ದಾರೆ. ಸಿಲ್ವರ್ ಓಕ್ ಎಲೆ ಮೋರಿಯ ಬಾಯಿ ಕಟ್ಟದ ಹಾಗೆ ವಾರಕ್ಕೊಮ್ಮೆ ಆಳು ಕಳಿಸಿ ಬಾಚಿಸುತ್ತಾರೆ. ಮಳೆಗಾಲ ಕಳೆದು ನೆಲ ಒಣಗಲಿ, ಆಮೇಲೆ ಡಾಂಬರು ಹಾಕೋಣ ಎಂದಿದ್ದೇನೆ.